ಮನೆಯ ಮಾಡಿಗೆ ಬೇಕಾದ ಹಣ ಮತ್ತು ಎವರೆಸ್ಟ್ ಬೇಸ್ ಕ್ಯಾಂಪ್: ಯಾವುದು ಮೊದಲು?

ಪ್ರಶ್ನೆ (ಕಟಪಾಡಿಯಿಂದ)

ನನಗೀಗ 27 ವರ್ಷ. ಮಣಿಪಾಲದ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಯ ಖರ್ಚು ತಿಂಗಳಿಗೆ ಸುಮಾರು 22,000 ರೂಪಾಯಿ; ಅದೆಲ್ಲ ಕಳೆದು 9,000 ಉಳಿಸುತ್ತೇನೆ. ಅಮ್ಮ ಬೀಡಿ ಕಟ್ಟಿ ನನ್ನ ಹೆಸರಿನಲ್ಲಿ ಕಟ್ಟುತ್ತಿದ್ದ ಪಿಗ್ಮಿಯ ಹಣವೂ ಸೇರಿ ಈಗ ಕೈಯಲ್ಲಿ 3,20,000 ರೂಪಾಯಿ ಇದೆ.

ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದ ನನಗೆ ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಯೊಳಗಿನದ್ದು ಮಾತ್ರ ಗೊತ್ತು. ಒಮ್ಮೆಯಾದರೂ ಎವರೆಸ್ಟ್ ಬೇಸ್ ಕ್ಯಾಂಪಿನವರೆಗೆ, ಅಂದರೆ 5,364 ಮೀಟರ್ ಎತ್ತರದವರೆಗೆ, ನಡೆದು ಹೋಗಬೇಕೆಂಬ ಆಸೆ ಹದಿನೈದು ವರ್ಷದಿಂದ ಇದೆ. ವಿಚಾರಿಸಿ ನೋಡಿದಾಗ ಎಲ್ಲ ಸೇರಿ 1,55,000 ರೂಪಾಯಿ ತಗಲುತ್ತದೆ ಎಂದು ಲೆಕ್ಕ ಸಿಕ್ಕಿತು. ಆದರೆ ನಮ್ಮ ಹಂಚಿನ ಮನೆಯ ಪಕ್ಕಾಸುಗಳಿಗೆ, ಅಂದರೆ ಮಾಡನ್ನು ಹೊತ್ತ ಮರದ ತೊಲೆಗಳಿಗೆ, ಗೆದ್ದಲು ಹಿಡಿದಿದ್ದು, ಮಾಡು ಬಿಚ್ಚಿ ಹೊಸದಾಗಿ ಕಟ್ಟಲು ಆಚಾರಿಗಳು 1,80,000 ಹೇಳಿದ್ದಾರೆ. ಅಣ್ಣ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಅಮ್ಮ, "ಮಾಡು ಇನ್ನೊಂದು ಮಳೆಗಾಲ ತಡೆಯುತ್ತದೆ, ನೀನು ಹೋಗಿ ಬಾ" ಎನ್ನುತ್ತಾರೆ. ಮಾವ ಮಾತ್ರ, ಪ್ರವಾಸದ ಹಣವನ್ನು ಠೇವಣಿ ಇಟ್ಟರೆ ನಿನಗೆ 57 ಆಗುವಾಗ ಹನ್ನೆರಡು ಲಕ್ಷವಾಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ವರ್ಷದ ಕೊನೆಯ ಲೆಕ್ಕದ ಕಾರಣ ಮಾರ್ಚ್, ಏಪ್ರಿಲ್‌ನಲ್ಲಿ ನನಗೆ ರಜೆ ಸಿಗುವುದಿಲ್ಲ; ಹೋಗುವುದಾದರೆ ಬರುವ ಅಕ್ಟೋಬರಿನಲ್ಲೇ ಹೋಗಬೇಕು. ಅನುಭವಸ್ಥರು ದಯವಿಟ್ಟು ಸಲಹೆ ಕೊಡಿ.

ಉತ್ತರ (ಉಡುಪಿಯ ನಿವೃತ್ತ ಬ್ಯಾಂಕ್ ನೌಕರರು)

ನಿಮ್ಮ ಮಾವನವರ ಲೆಕ್ಕ ತಪ್ಪಲ್ಲ, ಆದರೆ ಅರ್ಧ ಮಾತ್ರ. 1,55,000 ರೂಪಾಯಿಗೆ ಶೇಕಡಾ 7ರ ಚಕ್ರಬಡ್ಡಿ ಹಿಡಿದರೆ ಮೂವತ್ತು ವರ್ಷದಲ್ಲಿ ಅದು ಸುಮಾರು 11,80,000 ಆಗುವುದು ನಿಜ. ಅದೇ ಮೂವತ್ತು ವರ್ಷ ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರುತ್ತಾ ಹೋದರೆ, ಆ ದಿನದ ಹನ್ನೊಂದು ಮುಕ್ಕಾಲು ಲಕ್ಷಕ್ಕೆ ಇಂದಿನ ಸುಮಾರು 2,73,000 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ಬಡ್ಡಿಯ ಮೇಲಿನ ತೆರಿಗೆಯನ್ನು ನಾನು ಇದರಲ್ಲಿ ಹಿಡಿದಿಲ್ಲ. ನಾಲ್ಕು ದಶಕ ಕೌಂಟರಿನ ಒಳಗೆ ಕುಳಿತು ಇದೇ ಹನ್ನೆರಡು ಲಕ್ಷದ ಮಾತನ್ನು ನಾನೂ ಸಾವಿರಾರು ಜನರಿಗೆ ಹೇಳಿದ್ದೇನೆ, ಆದುದರಿಂದ ಒಪ್ಪಿಕೊಳ್ಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಪಿಗ್ಮಿಯ ಮಾತು ಬಂದುದರಿಂದ ಒಂದು ವಿಷಯ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಸಂಗ್ರಹಿಸುತ್ತಿತ್ತು. ಮುದಿ ವಯಸ್ಸಿನವರೆಗೆ ಹಣವನ್ನು ಕೂಡಿಡುವುದಕ್ಕಿಂತ, ಒಂದು ಕೆಲಸಕ್ಕೆ ಬೇಕಾದ ಮೊತ್ತವನ್ನು ಒಟ್ಟು ಮಾಡುವುದಕ್ಕೆ ಜನ ಅದನ್ನು ಬಳಸಿದ್ದೇ ಹೆಚ್ಚು. ಹಾಗಾಗಿ ನಿಮ್ಮ ಉಳಿತಾಯವನ್ನು ಪ್ರವಾಸಕ್ಕೆ ಖರ್ಚು ಮಾಡುವುದರಲ್ಲಿ ತಪ್ಪಿಲ್ಲ. ನನ್ನ ಆಕ್ಷೇಪ ಬೇರೆ ಕಡೆ ಇದೆ. ಮಾಡನ್ನೂ ಪ್ರವಾಸವನ್ನೂ ಮುಗಿಸಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ಜನವರಿಯಿಂದ ಸೆಪ್ಟೆಂಬರ್‌ವರೆಗೆ ನೀವು ಉಳಿಸುವ 81,000 ಸೇರಿಸಿ, ಎರಡೂ ಖರ್ಚು ಕಳೆದರೆ 66,000. ಅಂದರೆ ಮೂರು ತಿಂಗಳ ಮನೆಖರ್ಚು. ಆರು ತಿಂಗಳಿನದ್ದು, ಎಂದರೆ 1,32,000 ರೂಪಾಯಿ, ಇರಬೇಕೆಂಬುದು ನನ್ನ ಅಭಿಪ್ರಾಯ. ಒಂದು ವರ್ಷ ತಡೆದು ಹೋಗಿ.

ಉತ್ತರ (ಸುರತ್ಕಲ್‌ನಿಂದ)

ನಾನು 31ನೆಯ ಪ್ರಾಯದಲ್ಲಿ ಹೋಗಿ ಬಂದವನು. ಪ್ರಾಯ ಇರುವಾಗಲೇ ಹೋಗಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎತ್ತರದ ಕಾಯಿಲೆ ಪ್ರಾಯ ನೋಡುವುದಿಲ್ಲ. ಬೇಸ್ ಕ್ಯಾಂಪಿನಲ್ಲಿ ಗಾಳಿಯ ಒತ್ತಡ ನಮ್ಮ ಕಡಲತೀರದ ಅರ್ಧದಷ್ಟೇ ಇರುತ್ತದೆ. ನಮ್ಮ ತಂಡದಲ್ಲಿ 4,410 ಮೀಟರಿನ ಡಿಂಗ್ಬೋಚೆಯಿಂದ ತಲೆನೋವು, ವಾಂತಿ ಎಂದು ಕೆಳಗಿಳಿದವನು 24ರ ಹುಡುಗ. ಆತ ಎಲ್ಲರಿಗಿಂತ ವೇಗವಾಗಿ ನಡೆಯುತ್ತಿದ್ದುದೇ ಅದಕ್ಕೆ ಕಾರಣವಾಯಿತು. ನಿಧಾನವಾಗಿ ಹತ್ತಿದ 58ರ ಶಿಕ್ಷಕಿಯೊಬ್ಬರು ಕೊನೆಯವರೆಗೂ ಬಂದರು. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚದಂತೆ ನೋಡಿಕೊಂಡು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯ ದಿನ ಇಡಬೇಕು. 3,440 ಮೀಟರಿನ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ ತಂಗುವುದು ಅದಕ್ಕಾಗಿಯೇ. ಆ ಒಂದು ದಿನವನ್ನು ಉಳಿಸಿ ಕೊಡುತ್ತೇವೆ ಎನ್ನುವ ಅಗ್ಗದ ಪ್ಯಾಕೇಜನ್ನು ಕಣ್ಣೆತ್ತಿಯೂ ನೋಡಬೇಡಿ.

ಹಣ ಉಳಿಸುವ ದಾರಿ ಬೇರೆ ಇದೆ. ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ಗೋರಖ್‌ಪುರ, ಸೊನೌಲಿ ಗಡಿ ದಾಟಿ ಬಸ್ಸಿನಲ್ಲಿ ಕಠ್ಮಂಡುವಿಗೆ ಹೋಗಬಹುದು. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಸಾಮಾನ್ಯವಾಗಿ ನಡಿಗೆ ಶುರುವಾಗುವ ಲುಕ್ಲಾಗೆ ವಿಮಾನದಲ್ಲಿ ಹೋಗದೆ ಸಲ್ಲೇರಿಯವರೆಗೆ ಜೀಪಿನಲ್ಲಿ ಹೋಗಿ ನಡೆಯುವವರೂ ಇದ್ದಾರೆ. ಆದರೆ ಇದರಲ್ಲಿ ಉಳಿಯುವ ಪ್ರತಿ ರೂಪಾಯಿಗೂ ರಜೆ ಖರ್ಚಾಗುತ್ತದೆ. ನನಗೆ ಆಗ ಸಾಲದೆ ಬಂದದ್ದು ಹಣವಲ್ಲ, ರಜೆ. ಮಂಜು ಮುಸುಕಿದರೆ ಲುಕ್ಲಾದ ವಿಮಾನ ಏಳುವುದಿಲ್ಲವಾದ್ದರಿಂದ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಲೇಬೇಕು. ಇಡದ ನಾನು ಹಿಂದಿರುಗುವಾಗ ಅಲ್ಲೇ ಸಿಕ್ಕಿಬಿದ್ದು ಮುಂದಿನ ಟಿಕೆಟ್ ಕಳೆದುಕೊಂಡೆ. ವಿಮೆ ಮಾಡಿಸುವಾಗ ಆ ಎತ್ತರಕ್ಕೂ ಹೆಲಿಕಾಪ್ಟರ್ ರಕ್ಷಣೆಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಹಿಮಶಿಖರಗಳನ್ನು ನೋಡುವುದಷ್ಟೇ ಮುಖ್ಯವಾದರೆ ಪಶ್ಚಿಮ ಬಂಗಾಳದ ಸಂದಕ್‌ಫು ಇದೆ. ಎತ್ತರ 3,636 ಮೀಟರ್. ಆಕಾಶ ತಿಳಿಯಾಗಿದ್ದರೆ ಎವರೆಸ್ಟೂ ಕಾಂಚನಗಂಗೆಯೂ ಅಲ್ಲಿಂದಲೇ ಕಾಣುತ್ತವೆ, ಖರ್ಚು ಬಹಳ ಕಡಿಮೆ.

ಉತ್ತರ (ಕುಂದಾಪುರದಿಂದ)

ತಂಗಿ, ಇಲ್ಲಿ ಎಲ್ಲರೂ ಬೆಟ್ಟದ ಬಗ್ಗೆ ಬರೆದಿದ್ದಾರೆ, ನಾನು ಮಾಡಿನ ಬಗ್ಗೆ ಬರೆಯುತ್ತೇನೆ. ಗೆದ್ದಲು ಹಿಡಿದ ಪಕ್ಕಾಸು ಇನ್ನೊಂದು ಮಳೆಗಾಲ ತಡೆಯುತ್ತದೆ ಎಂದು ನಮ್ಮ ಮನೆಯಲ್ಲೂ ಹೇಳಿದ್ದರು. ಜೂನ್ ತಿಂಗಳ ಒಂದು ರಾತ್ರಿಯ ಗಾಳಿಗೆ ಎರಡು ಪಕ್ಕಾಸು ಮುರಿದು, ಅವುಗಳೊಂದಿಗೆ ರೀಪೂ ಹಂಚೂ ಕುಸಿದು, ಅಕ್ಕಿಯ ಡ್ರಮ್ಮಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲವೂ ಒದ್ದೆಯಾಯಿತು. ಮಳೆಯ ನಡುವೆ ಯಾವ ಆಚಾರಿಯೂ ಬರಲಿಲ್ಲ, ಎರಡು ತಿಂಗಳು ಟಾರ್ಪಾಲಿನ ಅಡಿಯಲ್ಲಿ ಕಳೆದೆವು. ಅಮ್ಮಂದಿರು "ತಡೆಯುತ್ತದೆ" ಎಂದು ಹೇಳುವುದು ಮರವನ್ನು ನೋಡಿ ಅಲ್ಲ, ಮಗಳ ಮುಖವನ್ನು ನೋಡಿ. ಜನವರಿ, ಫೆಬ್ರವರಿಯಲ್ಲೇ ಕೆಲಸ ಮುಗಿಸಿ. ಏಪ್ರಿಲ್ ಬಂದರೆ ಊರಿನ ಎಲ್ಲ ಮಾಡುಗಳಿಗೂ ಒಟ್ಟಿಗೆ ಆಚಾರಿಗಳು ಬೇಕಾಗುತ್ತಾರೆ.

ಇನ್ನೊಂದು ಮಾತು ಕೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಅಣ್ಣ ಒಂದೇ ಸಾಲಿನಲ್ಲಿ ಬಂದು ಹೋದ. ಮಾಡು ಇಡೀ ಮನೆಗೆ ಸೇರಿದ್ದಾದರೆ ಅದರ ಖರ್ಚು ಪೂರ್ತಿ ನಿಮ್ಮ ಉಳಿತಾಯದಿಂದಲೇ ಏಕೆ ಹೋಗಬೇಕು? ಬ್ಯಾಂಕಿನವರು ಒಂದು ವರ್ಷ ತಡೆಯಿರಿ ಎಂದು ಸುಲಭವಾಗಿ ಬರೆದರು. ಮುಂದಿನ ವರ್ಷ ಬಾವಿಯ ಕಟ್ಟೆ ಇರುತ್ತದೆ, ಅದರ ಮುಂದಿನ ವರ್ಷ ಯಾರದೋ ಮದುವೆ ಇರುತ್ತದೆ. ಹೋಗುವುದಾದರೆ ಈ ಅಕ್ಟೋಬರಿನಲ್ಲೇ ಹೋಗಿ, ಆದರೆ ಅದಕ್ಕೂ ಮೊದಲು ಅಣ್ಣನಿಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕುಂದಾಪುರದ ಅಕ್ಕ ಬರೆದುದನ್ನು ಓದಿ ಅರ್ಧ ಗಂಟೆ ಸಿಟ್ಟು ಬಂದಿತ್ತು, ಆಮೇಲೆ ಫೋನ್ ಮಾಡಿದೆ. ಅಣ್ಣನನ್ನು ಇದುವರೆಗೆ ಯಾರೂ ಕೇಳಿಯೇ ಇರಲಿಲ್ಲ ಎಂಬುದು ಅವನು ಹೇಳಿದ ಮೇಲೆಯೇ ನನಗೆ ಹೊಳೆಯಿತು. ಫೆಬ್ರವರಿಯೊಳಗೆ 40,000 ಕಳುಹಿಸುತ್ತೇನೆ ಎಂದಿದ್ದಾನೆ. ಬಂದ ಮೇಲೆ ನಂಬುತ್ತೇನೆ. ಬಂದರೆ ಪ್ರವಾಸದ ನಂತರ 1,06,000 ಉಳಿಯುತ್ತದೆ, ಅದು ಐದು ತಿಂಗಳಿಗೆ ಸ್ವಲ್ಪ ಕಡಿಮೆ. ಆರನೆಯ ತಿಂಗಳಿನ ಬಗ್ಗೆ ಉಡುಪಿಯ ಹಿರಿಯರು ಕ್ಷಮಿಸಬೇಕು.

ಸಂದಕ್‌ಫುವಿನ ಬಗ್ಗೆ ಎರಡು ದಿನ ಯೋಚಿಸಿದೆ. ನನಗೆ ದೂರದಿಂದ ನೋಡುವುದು ಬೇಡ, ಅದರ ಬುಡದಲ್ಲಿ ನಿಲ್ಲಬೇಕು.

ಆಚಾರಿಗಳು ಜನವರಿಯ ಎರಡನೆಯ ವಾರ ಬರುತ್ತಾರೆ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ದಾರಿ ಮುಚ್ಚುವುದರೊಳಗೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತಿ ಇಳಿದು ಕಾಲಿನ ಅಳತೆ ತಿಳಿದುಕೊಳ್ಳುತ್ತೇನೆ. ಟಿಕೆಟನ್ನು ಈಗಲೇ ತೆಗೆಯುವುದಿಲ್ಲ. ಹೊಸ ಮಾಡಿನ ಅಡಿಯಲ್ಲಿ ಜೋರು ಮಳೆಯ ಆಟಿ ತಿಂಗಳು ಕಳೆದು, ಸೋರಿಕೆಯಿಲ್ಲ ಎಂದು ಗೊತ್ತಾದ ಮೇಲೆ, ಪಾಸ್‌ಬುಕ್ ನೋಡಿಕೊಂಡು ತೆಗೆಯುತ್ತೇನೆ.