ಚಳಿಗಾಲದ ಬೈಕ್ ಸವಾರಿ: ಮಂಗಳೂರಿನಿಂದ ಬೀದರಿಗೆ ಹೋಗುವವನು ಏನೇನು ತಿಳಿದಿರಬೇಕು?

ಕಡಲತೀರದ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು, ಬೈಕ್ ಕಲಿತದ್ದು ಎಲ್ಲವೂ ಮಂಗಳೂರಿನಲ್ಲಿ. ಈಗ ಡಿಸೆಂಬರ್ ಮೊದಲ ವಾರಕ್ಕೆ ಬೀದರಿಗೆ ವರ್ಗವಾಗಿದೆ. ವಾಸ ಬೀದರಿನಲ್ಲಿ, ಕೆಲಸ ಭಾಲ್ಕಿಯ ಕಡೆ. ಹಾಗಾಗಿ ದಿನವೂ ಬೆಳಿಗ್ಗೆ ಆರರ ಸುಮಾರಿಗೆ ಹೊರಟು ಹತ್ತಿರ ಹತ್ತಿರ 40 ಕಿಲೋಮೀಟರ್ ಹೋಗಬೇಕು, ಸಂಜೆ ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಬೇಕು. ನನ್ನದು 150 ಸಿಸಿಯ, ಫ್ಯುಯೆಲ್ ಇಂಜೆಕ್ಷನ್ ಇರುವ, ಟ್ಯೂಬ್‌ಲೆಸ್ ಟೈರಿನ ಬೈಕ್.

ಜೋರು ಮಳೆಯಲ್ಲಿ ಗಾಡಿ ಓಡಿಸುವ ರೂಢಿ ನಮ್ಮ ಕಡೆಯವರಿಗೆಲ್ಲ ಇದೆ. ಚಳಿಯ ಸಂಗತಿ ಹಾಗಲ್ಲ. ಮಂಗಳೂರಿನಲ್ಲಿ ಜನವರಿಯ ರಾತ್ರಿಗಳಲ್ಲೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬೀದರ್ ಬಿಸಿಲಿನ ನಾಡೆಂದು ಕೇಳಿದವನಿಗೆ ಅಲ್ಲಿಯ ಚಳಿಗಾಲದ ಬೆಳಗು ಕರ್ನಾಟಕದಲ್ಲೇ ಅತಿ ತಂಪೆಂದು ಸಹೋದ್ಯೋಗಿಗಳು ಹೇಳಿದಾಗ ಆಶ್ಚರ್ಯವಾಯಿತು. ಚಳಿ ಸವಾರನಿಗೂ ಗಾಡಿಗೂ ನಿಜವಾಗಿ ಏನು ಮಾಡುತ್ತದೆ, ಯಾವುದಕ್ಕೆ ಹಣ ಖರ್ಚು ಮಾಡುವುದು ಸಾರ್ಥಕ, ಯಾವುದಕ್ಕೆ ಬೇಡ ಎಂಬುದನ್ನು ಬೇರೆ ಬೇರೆ ಕಡೆ ಚಳಿಗಾಲದಲ್ಲಿ ಬೈಕ್ ಓಡಿಸುವವರು ತಿಳಿಸಿದರೆ ಉಪಕಾರವಾಗುತ್ತದೆ.

ಬಿಸಿಲುನಾಡಿನವ, ಕಲಬುರಗಿ

ನಿಮ್ಮ ಸಹೋದ್ಯೋಗಿಗಳು ಹೇಳಿದ್ದು ನಿಜ ಸರ್. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಸಮುದ್ರ ಬಹಳ ದೂರ. ಚಳಿಗಾಲದಲ್ಲಿ ಆಕಾಶ ನಿರ್ಮಲವಾಗಿ, ಗಾಳಿ ಒಣಗಿರುವುದರಿಂದ ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಮಧ್ಯಾಹ್ನ 28 ಡಿಗ್ರಿ ಇದ್ದ ಊರಿನಲ್ಲಿ ಮರುದಿನ ಬೆಳಗಿನ ಜಾವ 10 ಡಿಗ್ರಿ, ಕೆಲವು ದಿನ ಅದಕ್ಕೂ ಕಡಿಮೆ ಇರುವುದು ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಕನಿಷ್ಠ ಉಷ್ಣಾಂಶ 1884ರ ಜನವರಿ 13ರಂದು ಬಂದ 7.8 ಡಿಗ್ರಿ ಎಂಬುದನ್ನು ನೆನೆದರೆ ನಮ್ಮ ಥಂಡಿ ಎಂಥದ್ದೆಂದು ಅಂದಾಜಾಗುತ್ತದೆ.

ನಿಂತವನಿಗೆ ತಾಗುವ ಚಳಿ ಬೇರೆ, ಸವಾರನಿಗೆ ತಾಗುವ ಚಳಿ ಬೇರೆ. ಉಷ್ಣಾಂಶ 10 ಡಿಗ್ರಿ ಇರುವಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನ ಬರಿಯ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯ ಚಳಿಯಂತೆ ತಾಗುತ್ತದೆ, ಏಕೆಂದರೆ ಮೈಯ ಸುತ್ತ ಬೆಚ್ಚಗಾಗುವ ಗಾಳಿಯನ್ನು ವೇಗ ಎಳೆದೊಯ್ಯುತ್ತಲೇ ಇರುತ್ತದೆ. ಹೀಗೆ ಮುಕ್ಕಾಲು ಗಂಟೆ ಗಾಳಿಗೆ ಒಡ್ಡಿಕೊಂಡಾಗ ದೇಹವು ಒಡಲನ್ನು ಬೆಚ್ಚಗಿಡುವುದಕ್ಕಾಗಿ ಕೈಕಾಲುಗಳ ಕಡೆಗೆ ರಕ್ತದ ಹರಿವನ್ನು ಕಡಿಮೆ ಮಾಡುತ್ತದೆ. ಮೊದಲು ಬೆರಳ ತುದಿ ನೋಯುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು, ಆದರೆ ಅಪಾಯ ಶುರುವಾಗುವುದು ಅಲ್ಲಿಂದಲೇ. ಮುಂದಿನ ಬ್ರೇಕಿನ ಲಿವರನ್ನು ಎಷ್ಟು ಒತ್ತುತ್ತಿದ್ದೇವೆ ಎಂಬ ಅಂದಾಜನ್ನು ಕೊಡುವುದು ಬೆರಳಿನ ಸ್ಪರ್ಶ. ಅದು ಮರಗಟ್ಟಿದರೆ ಬೇಕಾದದ್ದಕ್ಕಿಂತ ಕಡಿಮೆ ಹಿಡಿಯುತ್ತೇವೆ, ಇಲ್ಲವೇ ಗಾಬರಿಯಲ್ಲಿ ಒಮ್ಮೆಲೇ ಬಿಗಿದುಬಿಡುತ್ತೇವೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳ ತುದಿಯನ್ನು ಮುಟ್ಟಿ ನೋಡಿ. ಸಲೀಸಾಗಿ ಮುಟ್ಟಲಾಗದಿದ್ದರೆ ಮುಂದೆ ಹೋಗಬೇಡಿ. ಹತ್ತಿರದ ಹೋಟೆಲಿನಲ್ಲಿ ಬಿಸಿ ಚಹಾದ ಲೋಟ ಹಿಡಿದು ಕೂತು, ಬೆರಳು ಸಡಿಲವಾದ ಮೇಲೆ ಹೊರಡಿ.

ಆದ್ದರಿಂದ ಹಣ ಖರ್ಚು ಮಾಡುವುದಿದ್ದರೆ ಮೊದಲು ಗಾಳಿ ತೂರದ ಕೈಗವಸಿಗೆ ಮಾಡಿ. ಉಣ್ಣೆಯ ಕೈಗವಸು ನಡೆದು ಹೋಗುವವರಿಗೆ ಸಾಕು, ಬೈಕಿನ ವೇಗದಲ್ಲಿ ಗಾಳಿ ಅದರ ಎಳೆಎಳೆಯೊಳಗೂ ನುಗ್ಗುತ್ತದೆ. ಕೈಗವಸು ತೀರ ಬಿಗಿಯಾಗಿರಲೂ ಬಾರದು, ಬಿಗಿಯಾದಷ್ಟು ರಕ್ತದ ಹರಿವು ಕುಗ್ಗುತ್ತದೆ. ಜಾಕೆಟ್ ವಿಚಾರದಲ್ಲೂ ದಪ್ಪಕ್ಕಿಂತ ಗಾಳಿ ತಡೆಯುವ ಹೊರಪದರ ಮುಖ್ಯ. ಎದೆಯ ಮೇಲೆ, ಅಂಗಿಯ ಹೊರಗೆ, ಒಂದು ದಿನಪತ್ರಿಕೆಯನ್ನು ಹಾಸಿಕೊಂಡು ಜಾಕೆಟ್ ಹಾಕುವ ನಮ್ಮ ಹಿರಿಯರ ಪದ್ಧತಿ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಕುತ್ತಿಗೆಯನ್ನು ಮುಚ್ಚಿ. ಆದರೆ ಉದ್ದನೆಯ ಮಫ್ಲರಿನ ತುದಿ ಹಿಂದೆ ಹಾರಾಡುವಂತೆ ಬಿಡಬೇಡಿ, ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ.

ಗಾಡಿಯ ಮಟ್ಟಿಗೆ ಟೈರಿನ ಗಾಳಿಯನ್ನು ನೋಡಿಕೊಳ್ಳಿ. ಉಷ್ಣಾಂಶ ಸುಮಾರು 6 ಡಿಗ್ರಿ ಇಳಿದಾಗಲೆಲ್ಲ ಒತ್ತಡ ಒಂದು ಪಿಎಸ್‌ಐನಷ್ಟು ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಾಗಿ ತುಂಬಿಸಿದ ಟೈರಿನಲ್ಲಿ ಬೆಳಿಗ್ಗೆ ಎರಡೂವರೆ ಮೂರು ಪಿಎಸ್‌ಐ ಕಡಿಮೆ ಇರುವುದು ಹೀಗೆ. ಕಂಪನಿ ಹೇಳಿರುವ ಅಳತೆ ತಣ್ಣಗಿನ ಟೈರಿಗೆ ಸಂಬಂಧಿಸಿದ್ದು, ಆದ್ದರಿಂದ ಬೆಳಿಗ್ಗೆ ಹೊರಡುವ ಮುನ್ನ ಪರೀಕ್ಷಿಸಿಕೊಳ್ಳಿ. ಮೊದಲ ಕೆಲವು ಕಿಲೋಮೀಟರ್ ಟೈರಿನ ರಬ್ಬರು ಗಡುಸಾಗಿರುತ್ತದೆ, ತಿರುವುಗಳಲ್ಲಿ ಹೆಚ್ಚು ವಾಲಬೇಡಿ. ಇಂಜಿನ್ ಬಗ್ಗೆ ಚಿಂತೆ ಬೇಡ. ಇಂಜೆಕ್ಷನ್ ಗಾಡಿ 10 ಡಿಗ್ರಿಯಲ್ಲಿ ಸುಲಭವಾಗಿಯೇ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಹಳೆಯದಾಗಿದ್ದರೆ ಮಾತ್ರ ಈಗಲೇ ಬದಲಾಯಿಸಿಬಿಡಿ.

ಇನ್ನೊಂದು ಮಾತು. ಬೀದರ್ ಜಿಲ್ಲೆಯಲ್ಲಿ ಚಳಿಗಾಲವೆಂದರೆ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆಗೆ ರಾತ್ರಿಯಿಡೀ ಸಾಗುತ್ತವೆ. ಹಿಂದಿನ ಟ್ರೇಲರಿಗೆ ದೀಪವೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ, ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯುವ ಆ ಎರಡು ಮೂರು ಕ್ಷಣಗಳಲ್ಲಿ ನಿಮ್ಮ ಮುಂದೆಯೇ ಒಂದು ಟ್ರೇಲರ್ ನಿಂತಿದ್ದರೂ ಕಾಣುವುದಿಲ್ಲ. ನಮ್ಮ ಭಾಗದಲ್ಲಿ ಚಳಿಗಾಲದ ಸಂಜೆಗಳಲ್ಲಿ ಯುವಕರು ಹೀಗೆ ಜೀವ ಕಳೆದುಕೊಳ್ಳುವ ಸುದ್ದಿ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎದುರು ಬೆಳಕು ಬಂದ ಕೂಡಲೇ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸುವುದನ್ನು ದಯವಿಟ್ಟು ಅಭ್ಯಾಸ ಮಾಡಿಕೊಳ್ಳಿ.

ಹಾಸನದ ಓದುಗ

ಮೇಲಿನವರು ಬರೆದ ಕಬ್ಬಿನ ವಿಷಯ ಓದಿ ನಮ್ಮ ಭಾಗದ ಒಂದು ಸಂಗತಿಯನ್ನು ಸೇರಿಸಬೇಕೆನಿಸಿತು. ಹಾಸನ, ತುಮಕೂರು, ಮಂಡ್ಯದ ಕಡೆ ಚಳಿ ಬೀದರಿನಷ್ಟಿಲ್ಲ. ಆದರೆ ಡಿಸೆಂಬರ್, ಜನವರಿ ಬಂತೆಂದರೆ ರಾಗಿ, ಹುರುಳಿಯ ಒಕ್ಕಣೆ ಟಾರು ರಸ್ತೆಯ ಮೇಲೆಯೇ ನಡೆಯುತ್ತದೆ. ಕಣ ಮಾಡಲು ಜಾಗವೂ ಆಳುಗಳೂ ಸಿಗದ ರೈತ ಬೇರೇನು ಮಾಡಿಯಾನು ಎಂಬುದು ನನಗೆ ಅರ್ಥವಾಗುತ್ತದೆ, ನಾನೂ ರೈತರ ಮನೆಯವನೇ. ಆದರೂ ಇಬ್ಬನಿಯಲ್ಲಿ ನೆನೆದ ಹುಲ್ಲಿನ ಮೇಲೆ ಬೈಕಿನ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ ಎಂಬುದನ್ನು ಸವಾರರು ತಿಳಿದಿರಬೇಕು. ಹುರುಳಿಯ ಬಳ್ಳಿ ಇನ್ನೂ ಕೆಟ್ಟದ್ದು, ಚೈನ್ ಸ್ಪ್ರಾಕೆಟ್ಟಿಗೂ ಹಿಂದಿನ ಚಕ್ರದ ಹಬ್ಬಿಗೂ ಸುತ್ತಿಕೊಳ್ಳುತ್ತದೆ. ಹುಲ್ಲಿನ ಮೇಲೆ ಹೋಗುವುದು ಅನಿವಾರ್ಯವಾದರೆ ಅದಕ್ಕೆ ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿ ಹಿಡಿದು, ಅದರ ಮೇಲಿರುವಾಗ ಮುಂದಿನ ಬ್ರೇಕ್ ಮುಟ್ಟದೆ ದಾಟಬೇಕು. ದಾಟಿದ ಮೇಲೆ ಗಾಡಿ ನಿಲ್ಲಿಸಿ ಚೈನನ್ನೊಮ್ಮೆ ನೋಡಿ.

ಮಂಜಿನ ವಿಷಯದಲ್ಲಿ ಇಷ್ಟು ಹೇಳಬಲ್ಲೆ. ನಮ್ಮಲ್ಲಿ ಅದು ದಾರಿಯುದ್ದಕ್ಕೂ ಸಮನಾಗಿ ಇರುವುದಿಲ್ಲ. ರಾತ್ರಿ ತಣಿದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುವುದರಿಂದ ಕೆರೆಯ ಏರಿ, ಗದ್ದೆಬಯಲು, ಹಳ್ಳದ ಸೇತುವೆಗಳ ಬಳಿ ದಟ್ಟವಾಗಿ ನಿಂತಿರುತ್ತದೆ, ದಿಣ್ಣೆ ಹತ್ತಿದೊಡನೆ ಬಯಲಾಗುತ್ತದೆ. ದಿಣ್ಣೆಯ ಮೇಲಿನ ವೇಗದಲ್ಲೇ ತಗ್ಗಿಗೆ ಇಳಿದರೆ ಹತ್ತಿಯ ಮೂಟೆಯೊಳಗೆ ನುಗ್ಗಿದಂತೆ ಒಮ್ಮೆಲೇ ಏನೂ ಕಾಣದಾಗುತ್ತದೆ. ಸಕಲೇಶಪುರ, ಆಲೂರು ಕಡೆ ಹೋಗುವವರಿಗೆ ಆ ಮಂಜಿನಲ್ಲಿ ಆನೆ ನಿಂತಿರುವ ಸಾಧ್ಯತೆಯೂ ಇದೆ. ಬೀದರಿನವರಿಗೆ ಆ ಭಯವಿಲ್ಲ.

ಯಮುನೆಯ ದಡದಿಂದ, ನೋಯ್ಡಾ

ಕನ್ನಡದಲ್ಲಿ ಈ ಚರ್ಚೆ ನೋಡಿ ಸಂತೋಷವಾಯಿತು. ಉತ್ತರ ಭಾರತದ ಬಯಲಿನಲ್ಲಿ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಮಂಜೇ ದೊಡ್ಡ ಸಮಸ್ಯೆ. 200 ಮೀಟರಿಗಿಂತ ಮುಂದೆ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ದಟ್ಟ ಮಂಜು ಎನ್ನುತ್ತದೆ, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಹಾಗಾಗಿ 50 ಮೀಟರ್ ಮುಂದಿರುವುದನ್ನು ತಲುಪಲು ಮೂರು ಸೆಕೆಂಡು ಸಾಕು. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳ ವೇಗದ ಮಿತಿಯನ್ನು ಚಳಿಗಾಲದಲ್ಲಿ 100ರಿಂದ 75ಕ್ಕೆ ಇಳಿಸುವುದು ಇದೇ ಕಾರಣಕ್ಕೆ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನೀರಿನ ಕಣಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ, ಲೋ ಬೀಮ್ ಸರಿ. ಬೈಕ್ ಸವಾರನಿಗೆ ಮುಂದಿನಿಂದ ಎಷ್ಟು ಭಯವೋ ಹಿಂದಿನಿಂದಲೂ ಅಷ್ಟೇ. ಆದ್ದರಿಂದ ಟೇಲ್ ಲೈಟ್ ಒರೆಸಿಕೊಂಡೇ ಹೊರಡಿ, ಬೆನ್ನಿನ ಮೇಲೆ ಬೆಳಕು ಪ್ರತಿಫಲಿಸುವ ಪಟ್ಟಿ ಇರಲಿ. ಏನೂ ಕಾಣದಾದಾಗ ರಸ್ತೆಯ ಮೇಲೆ, ಅಥವಾ ಅದರ ಅಂಚಿನಲ್ಲಿ ನಿಲ್ಲಬೇಡಿ. ಪೆಟ್ರೋಲ್ ಬಂಕಿನೊಳಗೋ ಢಾಬಾದ ಅಂಗಳಕ್ಕೋ ಪೂರ್ತಿಯಾಗಿ ಹೊರಳಿಕೊಳ್ಳಿ. ಹೆಲ್ಮೆಟಿನ ಗಾಜಿಗೆ ಒಳಗಿನಿಂದ ಉಸಿರಿನ ಹಬೆ ಹಿಡಿಯುತ್ತದೆ. ಗಾಜಿನ ಒಳಮೈಗೆ ಅಂಟಿಸುವ ಹಬೆ ತಡೆಯುವ ಹಾಳೆ ಸಿಗುತ್ತದೆ, ಕನ್ನಡಕ ಹಾಕುವವರಂತೂ ತಪ್ಪದೆ ಕೊಳ್ಳಬೇಕು. ಇಲ್ಲಿಯ ಹಾಲು ಮಾರುವವರ ಬೈಕುಗಳಲ್ಲಿ ಹ್ಯಾಂಡಲಿನ ಎರಡೂ ತುದಿಗೆ ರೆಕ್ಸಿನಿನ ದೊಡ್ಡ ಚೀಲದಂತಹ ಕವರುಗಳಿರುತ್ತವೆ, ಕೈಯನ್ನು ಅದರೊಳಗೆ ತೂರಿಸಿ ಹಿಡಿಯುತ್ತಾರೆ. ನೋಡಲು ಚೆಂದವಿಲ್ಲದಿದ್ದರೂ 4 ಡಿಗ್ರಿಯ ಬೆಳಗಿನಲ್ಲಿ ದುಬಾರಿ ಕೈಗವಸಿಗಿಂತ ಅದೇ ಹೆಚ್ಚು ಕಾಪಾಡುತ್ತದೆ. ಕೊಳ್ಳುವಾಗ ಬ್ರೇಕ್, ಕ್ಲಚ್ ಲಿವರುಗಳಿಗೆ ಕವರು ಒತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಜರ್ಮನಿಯಲ್ಲಿ ಬಹುಪಾಲು ಸವಾರರು ಚಳಿಗಾಲದಲ್ಲಿ ಬೈಕನ್ನು ಹೊರತೆಗೆಯುವುದೇ ಇಲ್ಲ. 1997ರಿಂದ ಇಲ್ಲಿ ಋತುವಿಗೆ ಸೀಮಿತವಾದ ನಂಬರ್ ಪ್ಲೇಟಿನ ವ್ಯವಸ್ಥೆಯಿದೆ. ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಗಾಡಿ ರಸ್ತೆಗಿಳಿಯಬಹುದು ಎಂಬುದು ಪ್ಲೇಟಿನ ಮೇಲೆಯೇ ಅಚ್ಚಾಗಿರುತ್ತದೆ, ತೆರಿಗೆ ಮತ್ತು ವಿಮೆಯ ಹಣವೂ ಅಷ್ಟೇ ತಿಂಗಳಿಗೆ. ಅವಧಿ ಮುಗಿದ ಮೇಲೆ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ.

ಹಿಮಕ್ಕಿಂತ ಹೆಚ್ಚು ಅಂಜಿಕೆಯಿರುವುದು ಕಣ್ಣಿಗೆ ಕಾಣದ ತೆಳುಮಂಜುಗಡ್ಡೆಗೆ. ರಸ್ತೆ ಬರಿದೇ ಒದ್ದೆಯಾದಂತೆ ಕಾಣುತ್ತದೆ. ಸೇತುವೆಗಳ ಮೇಲೆ, ಕಾಡಿನ ನೆರಳಿನಲ್ಲಿ ಇದು ಮೊದಲು ಕಟ್ಟುತ್ತದೆ, ಸೇತುವೆಯ ಕೆಳಗೂ ತಣ್ಣನೆಯ ಗಾಳಿ ಆಡುವುದೇ ಕಾರಣ. ಅದನ್ನು ಕರಗಿಸಲು ಸುರಿಯುವ ಉಪ್ಪು ಚೈನನ್ನೂ ಬೋಲ್ಟುಗಳನ್ನೂ ತಿನ್ನುತ್ತದೆ. ಸೊನ್ನೆ ಡಿಗ್ರಿಯಲ್ಲಿ 80ರ ವೇಗದಲ್ಲಿ ಹೋದರೆ ಮೈಗೆ ತಾಗುವುದು ಮೈನಸ್ 10 ಡಿಗ್ರಿಯ ಚಳಿ. ಇಷ್ಟಾದರೂ ಚಳಿಯನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. 1956ರಲ್ಲಿ ಆರಂಭವಾದ ಎಲೆಫಾಂಟೆನ್‌ಟ್ರೆಫೆನ್ ಎಂಬ ಬೈಕ್ ಸವಾರರ ಕೂಟ ಈಗ ಬವೇರಿಯಾದ ಕಾಡಿನಲ್ಲಿ ನಡುಚಳಿಗಾಲದಲ್ಲಿ ನಡೆಯುತ್ತದೆ, ಸವಾರರು ಹಿಮದ ಮೇಲೆ ಡೇರೆ ಹಾಕಿ ಮಲಗುತ್ತಾರೆ.

ಬೀದರಿನಲ್ಲಿ ಮಂಜುಗಡ್ಡೆಯೂ ಉಪ್ಪೂ ಇಲ್ಲ. ನೀವು ಇಲ್ಲಿಯವರಿಂದ ಪಡೆಯಬಹುದಾದದ್ದು ಉಡುಪಿನ ಶಿಸ್ತು. ಮೈಗಂಟಿದ ಒಳಪದರ ಹತ್ತಿಯದಾಗಿರಬಾರದು, ಏಕೆಂದರೆ ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಅದರ ಮೇಲೆ ಬೆಚ್ಚನೆಯ ಪದರ, ಹೊರಗೆ ಗಾಳಿ ತಡೆಯುವ ಪದರ. ಮಧ್ಯಾಹ್ನ 28 ಡಿಗ್ರಿಗೆ ಏರುವ ನಿಮ್ಮ ಊರಿನಲ್ಲಿ ಒಂದೊಂದಾಗಿ ಕಳಚಿಡಬಹುದಾದ ಈ ಪದರಗಳು ಒಂದೇ ದಪ್ಪ ಜಾಕೆಟ್ಟಿಗಿಂತ ಅನುಕೂಲ.

ಕಡಲತೀರದ ಸವಾರ

ಇಷ್ಟು ಅಕ್ಕರೆಯಿಂದ ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕೈಗವಸು, ಗಾಜಿನ ಹಾಳೆ, ಬೆನ್ನಿಗೆ ಪ್ರತಿಫಲಕ ಪಟ್ಟಿ ಇವನ್ನು ಹೊರಡುವ ಮುನ್ನವೇ ಕೊಳ್ಳುತ್ತೇನೆ. ಕಚೇರಿಯಲ್ಲಿ ಕೇಳಿಕೊಂಡರೆ ಚಳಿಗಾಲದ ಮಟ್ಟಿಗೆ ಒಂದೂವರೆ ಗಂಟೆ ತಡವಾಗಿ ಬರಲು ಒಪ್ಪಬಹುದು. ಆರರ ಬದಲು ಏಳೂವರೆಗೆ ಹೊರಟರೆ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ?

ಬಿಸಿಲುನಾಡಿನವ, ಕಲಬುರಗಿ

ಬಹಳ ವ್ಯತ್ಯಾಸವಾಗುತ್ತದೆ ಸರ್, ಖಂಡಿತ ಕೇಳಿಕೊಳ್ಳಿ. ನೆಲ ರಾತ್ರಿಯಿಡೀ ತಣಿಯುತ್ತಲೇ ಹೋಗುವುದರಿಂದ ದಿನದ ಅತಿ ಕಡಿಮೆ ಉಷ್ಣಾಂಶ ಬರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಜನವರಿಯಲ್ಲಿ ಬೀದರಿನಲ್ಲಿ ಸೂರ್ಯೋದಯವಾಗುವುದು ಏಳಕ್ಕೆ ಸ್ವಲ್ಪ ಮುಂಚೆ. ಆರಕ್ಕೆ ಹೊರಟರೆ ಕತ್ತಲು, ಮಂಜು, ಕಡುಚಳಿ ಮೂರನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಏಳೂವರೆಗೆ ಹೊರಟರೆ ಬೆಳಕಿರುತ್ತದೆ, ದಾರಿಯಲ್ಲಿರುವಾಗಲೇ ಬಿಸಿಲು ಏರುತ್ತದೆ, ಟ್ರ್ಯಾಕ್ಟರುಗಳು ದೂರದಿಂದಲೇ ಕಾಣುತ್ತವೆ. ಒಂದು ತೊಡಕೆಂದರೆ ಸಂಜೆ ಹಿಂದಿರುಗುವುದು ಅಷ್ಟೇ ತಡವಾಗಬಹುದು. ಕಚೇರಿಯವರು ಒಪ್ಪಿದರೆ ಸಂಜೆಯ ಸಮಯವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲು ನೋಡಿ. ಒಪ್ಪದಿದ್ದರೆ ಮಂಜು ದಟ್ಟವಾಗಿರುವ ದಿನಗಳಲ್ಲಿ ಬೈಕ್ ಮನೆಯಲ್ಲೇ ಬಿಟ್ಟು ಬಸ್ ಹಿಡಿಯಿರಿ, ಬೀದರಿನಿಂದ ಭಾಲ್ಕಿಗೆ ಬಸ್ಸುಗಳಿವೆ.