ಕೊಡಗಿಗೆ ಸ್ವಂತ ಲೋಕಸಭಾ ಕ್ಷೇತ್ರ ಎಂದಾದರೂ ಇತ್ತೇ?

ಪ್ರಶ್ನೆ: ಸೋಮವಾರಪೇಟೆಯ ಅಧ್ಯಾಪಕಿ
ಮಾನ್ಯರೇ, ‘ನಾವು ಮಂಗಳೂರಿಗೆ ಓಟು ಹಾಕುತ್ತಿದ್ದವರು’ ಎಂದು ನಮ್ಮ ಮಾವನವರು ಪ್ರತಿ ಚುನಾವಣೆಯಲ್ಲಿಯೂ ನೆನೆಯುತ್ತಾರೆ. ಮದುವೆಯಾಗಿ ಬಂದ ನಾನು ಹಾಕಿರುವುದೆಲ್ಲ ಮೈಸೂರಿಗೆ. ಕೊಡಗಿನದೇ ಕ್ಷೇತ್ರ ಇತ್ತೇ ಎಂದು ತರಗತಿಯಲ್ಲಿ ಮಕ್ಕಳು ಕೇಳಿದಾಗ ಉತ್ತರಿಸಲಾಗಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಡಿಕೇರಿಯಿಂದ
ಇತ್ತು ಮೇಡಂ, ಆದರೆ ಮೊದಲ ಮಹಾಚುನಾವಣೆಯ ಮಟ್ಟಿಗೆ ಮಾತ್ರ. ಆಗ ಕೊಡಗು ‘ಸಿ’ ದರ್ಜೆಯ, ಎಂದರೆ ಕೇಂದ್ರದ ಮೇಲ್ವಿಚಾರಣೆಯಲ್ಲಿದ್ದ, ಪ್ರತ್ಯೇಕ ರಾಜ್ಯ. 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಲೋಕಸಭೆಯಲ್ಲಿ ಒಂದು ಸ್ಥಾನ. ಆ ಸ್ಥಾನದಿಂದ ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣನವರು ಆಯ್ಕೆಯಾಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಸಣ್ಣ ರಾಜ್ಯವೆಂಬ ಕಾರಣಕ್ಕೆ ಸಿಕ್ಕಿದ್ದ ಸ್ಥಾನ, ಜಿಲ್ಲೆಯಾದ ಮೇಲೆ ಜನಸಂಖ್ಯೆಯ ಲೆಕ್ಕದಲ್ಲಿ ಉಳಿಯಲಿಲ್ಲ.

ನಿಮ್ಮ ಮಾವನವರು ಹೇಳುವುದು ಅನಂತರದ ಮಂಗಳೂರು ಕ್ಷೇತ್ರದ ಕಾಲ. 1967ರಲ್ಲಿ ಇದೇ ಪೂಣಚ್ಚನವರು ಮಂಗಳೂರಿನಿಂದ ಗೆದ್ದು ಕೇಂದ್ರದಲ್ಲಿ ರೈಲ್ವೆ ಸಚಿವರಾದರು. ಘಟ್ಟದ ಮೇಲಿನವರೊಬ್ಬರನ್ನು ಕರಾವಳಿಯ ಮತದಾರರು ಒಪ್ಪಿಕೊಂಡಿದ್ದನ್ನು ನಮ್ಮ ಮನೆಯ ಹಿರಿಯರು ಬಹಳ ಅಭಿಮಾನದಿಂದ ಹೇಳುತ್ತಿದ್ದರು. 1977ರಿಂದ 1989ರವರೆಗೆ ಜನಾರ್ದನ ಪೂಜಾರಿಯವರು ನಾಲ್ಕು ಬಾರಿ, 1991ರಿಂದ 1999ರವರೆಗೆ ಬಿಜೆಪಿಯ ಧನಂಜಯ ಕುಮಾರ್ ನಾಲ್ಕು ಬಾರಿ, 2004ರಲ್ಲಿ ಡಿ.ವಿ. ಸದಾನಂದ ಗೌಡರು ಗೆದ್ದರು.

ಉತ್ತರ: ಸಂಪಾಜೆಯಿಂದ
ಮೇಲಿನ ಸರ್ ಬರೆದದ್ದು ಸರಿಯಾಗಿದೆ. 2008ರಲ್ಲಿ ಕ್ಷೇತ್ರಗಳ ಗಡಿಗಳ ಮರುವಿಂಗಡಣೆಯಾಗಿ ಕೊಡಗು ಮಂಗಳೂರಿನಿಂದ ಮೈಸೂರು ಕ್ಷೇತ್ರಕ್ಕೆ ಸೇರಿತು. ಅದರ ನೋವು ಹೆಚ್ಚು ತಟ್ಟಿದ್ದು ನಮ್ಮಂಥ ಗಡಿಯವರಿಗೆ. ಸಂಪಾಜೆ ಎಂಬ ಹೆಸರಿನ ಗ್ರಾಮ ಕೊಡಗಿನಲ್ಲಿಯೂ ಇದೆ, ದಕ್ಷಿಣ ಕನ್ನಡದಲ್ಲಿಯೂ ಇದೆ. ಮಾತು ಅದೇ ಅರೆಭಾಷೆ, ಪೇಟೆ ಅದೇ ಸುಳ್ಯ. 2004ರವರೆಗೆ ಸಂಸದರೂ ಒಬ್ಬರೇ ಆಗಿದ್ದರು. ಈಗ ನೆಂಟರು ದಕ್ಷಿಣ ಕನ್ನಡ ಕ್ಷೇತ್ರಕ್ಕೆ, ನಾವು ಮೈಸೂರಿಗೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯ ರಸ್ತೆ ಕಡಿದುಹೋದಾಗ ನಮಗೆ ಉಳಿದಿದ್ದ ದಾರಿ ಸುಳ್ಯದ ಕಡೆಗೆ. ನಮ್ಮ ಸಂಸದರ ಕ್ಷೇತ್ರವಾದರೋ ಘಟ್ಟದ ಆಚೆಗೆ. ಆ ಮಳೆಗಾಲವನ್ನು ಇಂದಿಗೂ ಮರೆಯಲಾಗಿಲ್ಲ.

ಉತ್ತರ: ಗೋಣಿಕೊಪ್ಪಲಿನಿಂದ
ಒಂದು ತಿದ್ದುಪಡಿ ಮಕ್ಕಳಿಗೆ ಉಪಯೋಗವಾಗಬಹುದು. ಪತ್ರಿಕೆಗಳಲ್ಲಿ ‘ಮೈಸೂರು–ಕೊಡಗು’ ಎಂದು ಬರೆದರೂ ಕ್ಷೇತ್ರದ ಅಧಿಕೃತ ಹೆಸರು ಮೈಸೂರು ಮಾತ್ರ. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಮಡಿಕೇರಿ ಮತ್ತು ವಿರಾಜಪೇಟೆ. ಸೋಮವಾರಪೇಟೆ ಕ್ಷೇತ್ರ ಅದೇ ಮರುವಿಂಗಡಣೆಯಲ್ಲಿ ಹೋಯಿತು. 2009ರಲ್ಲಿ ಕಾಂಗ್ರೆಸ್ಸಿನ ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಬಿಜೆಪಿಯ ಪ್ರತಾಪ ಸಿಂಹ, 2024ರಲ್ಲಿ ಅದೇ ಪಕ್ಷದ ಯದುವೀರ ಒಡೆಯರ್ ಗೆದ್ದಿದ್ದಾರೆ.

ಸ್ವಂತ ಸ್ಥಾನ ಬೇಕೆಂಬ ಆಸೆ ನನಗೂ ಇದೆ. ಆದರೆ 2011ರ ಜನಗಣತಿಯಂತೆ ಕೊಡಗಿನಲ್ಲಿ ಐದೂವರೆ ಲಕ್ಷ ಜನ. ರಾಜ್ಯದ ಆರು ಕೋಟಿಗೂ ಹೆಚ್ಚು ಜನರನ್ನು 28 ಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಸುಮಾರು ಇಪ್ಪತ್ತೆರಡು ಲಕ್ಷ ಬರುತ್ತದೆ. ಆದ್ದರಿಂದ ಮುಂದಿನ ಮರುವಿಂಗಡಣೆಯಲ್ಲಿ ನಾವು ಮೊದಲು ಕೇಳಬೇಕಾದದ್ದು ಈಗಿರುವ ಎರಡು ವಿಧಾನಸಭಾ ಸ್ಥಾನಗಳ ಉಳಿವು.