ಅಪ್‌ಡೇಟ್: 1/72 ನ್ಯಾಟ್ ಕಿಟ್ ವಿಷಯ

ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಟಿ.1 ಮಾದರಿ ವಿಮಾನದ ಕಿಟ್‌ನಿಂದ (ಅಸಲಿಗಿಂತ 72 ಪಟ್ಟು ಚಿಕ್ಕದು) 1965ರ ಯುದ್ಧದ ನಮ್ಮ ವಾಯುಪಡೆಯ ಪುಟ್ಟ ಫೈಟರ್ ಜೆಟ್ ನ್ಯಾಟ್ ಮಾಡಬಹುದಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆ ಯೋಚನೆ ಬಿಟ್ಟೆ. ಕಾಕ್‌ಪಿಟ್ ಬದಲಿಸಿದರೆ ಸಾಲದು. ಟಿ.1 ಎರಡು ಸೀಟಿನ ತರಬೇತಿ ವಿಮಾನ. ಮೂತಿ ಉದ್ದ, ರೆಕ್ಕೆಯೇ ಬೇರೆ. ಅದರ ರೆಕ್ಕೆ ತುದಿಯಿಂದ ತುದಿಗೆ 24 ಅಡಿ, ಒಂದು ಸೀಟಿನದಕ್ಕೆ ಸುಮಾರು 22. ಈ ಸ್ಕೇಲ್‌ನಲ್ಲಿ 8 ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಹೊಡೆಯುತ್ತೆ ಅಲ್ವಾ?

ಬದಲಿಗೆ ಸ್ಪೆಷಲ್ ಹಾಬಿ ಕಂಪನಿಯ ಒಂದು ಸೀಟಿನ ನ್ಯಾಟ್ ಕಿಟ್ ತರಿಸಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ವಿಮಾನ ಇದು, ಸುಮ್ನೆ ಹತ್ತಿರಹತ್ತಿರ ಮಾಡಲು ಮನಸ್ಸು ಒಪ್ಪಲಿಲ್ಲ. ನೀವು ಹೇಳಿದ ಹಾಗೆ ಮೊದಲು ಹೊಳಪಿನ ವಾರ್ನಿಶ್ (ಗ್ಲಾಸ್ ಕೋಟ್) ಹೊಡೆದು, ಡೆಕಾಲ್ ಚೆನ್ನಾಗಿ ಅಂಟಿಸುವ ಮೈಕ್ರೋ ಸೆಟ್ ದ್ರವ ಹಚ್ಚಿ, ಡೆಕಾಲ್ (ಗುರುತುಗಳ ತೆಳು ಸ್ಟಿಕರ್) ಕೂರಿಸಿದೆ. ವಾಯುಪಡೆಯ ದುಂಡು ಗುರುತಿನ ಡೆಕಾಲ್ ಕೆಳಗೆ ಗಾಳಿ ಸಿಕ್ಕಿ ಬರುವ ಬೆಳ್ಳಿ ಹೊಳಪು ಎಲ್ಲೂ ಇಲ್ಲ. ಮುಂದಿನದು ನ್ಯಾಟ್‌ನ ಸುಧಾರಿತ ರೂಪ ಅಜೀತ್!